ಇಟ್ಟಿಗೆಗಳು ಮಲಗಿರುವಾಗ

ಬೇಸಿಗೆ ಬಲಿತಿತ್ತು. ನಸುಕಿನಲ್ಲಿ ಕಲಸಿದ ಮಣ್ಣು ಒಂಬತ್ತು ಗಂಟೆಯ ಹೊತ್ತಿಗೆ ಬಿಗಿಯತೊಡಗುತ್ತಿತ್ತು. ಅಷ್ಟರೊಳಗೆ ಹೊಡೆದಷ್ಟೇ ಇಟ್ಟಿಗೆ. ಕಣದ ಉದ್ದಕ್ಕೂ ಹನ್ನೊಂದು ಜನ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಮಣ್ಣಿನ ಮುದ್ದೆಯನ್ನು ಮರಳಿನಲ್ಲಿ ಹೊರಳಿಸಿ, ಅಚ್ಚಿನೊಳಕ್ಕೆ ಎತ್ತಿ ಬಡಿದು, ಮೂಲೆಗಳಿಗೆ ಹೆಬ್ಬೆರಳು ಒತ್ತಿ, ಮೇಲೆ ಮಿಕ್ಕಿದ್ದನ್ನು ಮರದ ಪಟ್ಟಿಯಿಂದ ಗೀರಿ ತೆಗೆದು, ಅಚ್ಚನ್ನು ನೆಲಕ್ಕೆ ಮಗುಚಿ ಮೆಲ್ಲಗೆ ಎತ್ತುವರು. ಹೊಳೆಯುವ ಹಸಿ ಇಟ್ಟಿಗೆಯೊಂದು ಹಿಂದೆ ಉಳಿಯುವುದು. ಆಮೇಲೆ ಒಂದು ಗೇಣು ಹಿಂದೆ ಸರಿದು ಇನ್ನೊಂದು. ಮೂರನೆಯ ದಿನ ಅವನ್ನು ಮಗ್ಗುಲಾಗಿ ನಿಲ್ಲಿಸಿದರೆ, ಎಂಟನೆಯ ದಿನಕ್ಕೆ ಗೂಡಿಗೆ ಪೇರಿಸುವಷ್ಟು ಒಣಗುತ್ತಿದ್ದವು. ಅಲ್ಲಿಯವರೆಗೆ ಅವು ಮಣ್ಣೂ ಅಲ್ಲ, ಇಟ್ಟಿಗೆಯೂ ಅಲ್ಲ. ಕೋಳಿ ನಡೆದರೂ ಗುರುತು ಬೀಳುತ್ತಿತ್ತು.

ನೀರಿನ ತೊಟ್ಟಿಗೆ ಅಂಟಿಕೊಂಡಿದ್ದ ಜಾಗ ಎರಡು ಮಕ್ಕಳ ತಾಯಿಯೊಬ್ಬಳದು. ಗಂಡ ಬೇರೆ ಊರಿನ ಗೂಡುಗಳಲ್ಲಿ ಬೆಂಕಿ ಕಾಯುವ ಕೆಲಸದವನು, ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ಅವಳ ಪಕ್ಕದಲ್ಲಿ, ಎರಡಡಿ ಕಾಲುದಾರಿ ಬಿಟ್ಟು, ದಾರದಜ್ಜನ ಜಾಗ. ಎರಡು ಗೂಟಗಳ ನಡುವೆ ದಾರ ಎಳೆದು ಕಟ್ಟದೆ ಒಂದು ಇಟ್ಟಿಗೆಯನ್ನೂ ಇಡದ ಮುದುಕನಿಗೆ ಆ ಹೆಸರು ತಾನಾಗಿ ಬಂದಿತ್ತು. ತೊಟ್ಟಿಯ ಪಕ್ಕದ ಜಾಗದಲ್ಲಿ ಹತ್ತು ವರ್ಷ ಕೂತವನು ಅವನೇ. ಮೂರು ಬೇಸಿಗೆಯ ಹಿಂದೆ ಮೇಸ್ತ್ರಿ, "ಬಸುರಿ ಹೆಂಗಸು, ದೂರದಿಂದ ನೀರು ಹೊರೋಕಾಗಲ್ಲ, ಒಂದು ಸಲಕ್ಕೆ ಬಿಟ್ಟುಕೊಡು" ಎಂದಿದ್ದ. ಆ ಒಂದು ಸಲ ಇನ್ನೂ ಮುಗಿದಿರಲಿಲ್ಲ. ಮಗು ಹುಟ್ಟಿತು, ನಡೆಯಿತು, ಈಗ ಎರಡೂವರೆ ವರ್ಷದ್ದಾಗಿ ಕಣದ ತುಂಬ ಓಡಾಡುತ್ತಿತ್ತು. "ಹೊಟ್ಟೇಲಿದ್ದಾಗಲೇ ನನ್ನ ಜಾಗ ತಿಂದೋನು" ಎಂದು ಅಜ್ಜ ಅದನ್ನು ಕಂಡಾಗಲೆಲ್ಲ ಉಗುಳುತ್ತಿದ್ದ.

ಅವನೂ ಆ ತಾಯಿಯೂ ಮೂರು ವರ್ಷದಿಂದ ನೇರ ಮಾತಾಡಿರಲಿಲ್ಲ. ಆಡುವುದೆಲ್ಲ ಗಾಳಿಗೆ.

"ಕಣ ಅಂದ್ರೆ ಕಣ. ತೊಟ್ಟಿಲು ಕಟ್ಟೋ ಜಾಗ ಅಲ್ಲ" ಎಂದು ಅವನು ತನ್ನ ಅಚ್ಚಿಗೆ ಹೇಳುವನು.

"ಕೆಲವರಿಗೆ ದಾರ ಇಲ್ದಿದ್ರೆ ಮನೆ ದಾರೀನೂ ಸಿಗಲ್ಲ" ಎಂದು ಇವಳು ತನ್ನ ಮರಳಿಗೆ ಹೇಳುವಳು.

ಮಗುವಿಗೆ ಕಪ್ಪೆ ಎಂದು ಕರೆಯುತ್ತಿದ್ದರು, ಸದಾ ಕುಕ್ಕರಿಸಿ ಕೂತು ತಟ್ಟನೆ ಎಲ್ಲಿಗಾದರೂ ಹಾರುತ್ತಿದ್ದುದರಿಂದ. ಅವನನ್ನು ನೋಡಿಕೊಳ್ಳುವುದು ಅಕ್ಕನ ಪಾಲು. ಅವಳಿಗೆ ಹತ್ತು ವರ್ಷ, ಶಾಲೆಗೆ ರಜೆ. ಅಮ್ಮನಿಗೆ ಮರಳು ಹರಡಿ ಕೊಡಬೇಕು, ಒಣಗಿದ್ದನ್ನು ಮಗ್ಗುಲಿಗೆ ತಿರುಗಿಸಬೇಕು, ಜೊತೆಗೆ ತಮ್ಮನ ಮೇಲೆ ಕಣ್ಣಿಡಬೇಕು. ಎರಡು ಕಣ್ಣು ಸಾಲದ ಕೆಲಸ. ಒಂದು ದಿನ ಅವಳು ಇತ್ತ ತಿರುಗಿ ಅತ್ತ ನೋಡುವುದರೊಳಗೆ ಕಪ್ಪೆ ಅಜ್ಜನ ಹೊಸ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಓಡಿಬಿಟ್ಟಿದ್ದ.

ಅಜ್ಜ ಕೂಗಾಡಲಿಲ್ಲ. ಕೆಟ್ಟ ಹದಿನಾಲ್ಕು ಇಟ್ಟಿಗೆಗಳನ್ನೂ ಹಲಗೆಯ ಮೇಲೆ ಹೊತ್ತು ತಂದು, ಕೊಡೆ ಹಿಡಿದು ನಿಂತಿದ್ದ ಮೇಸ್ತ್ರಿಯ ಕಾಲ ಬಳಿ ಜೋಡಿಸಿದ. "ನೋಡಿ ಮೇಸ್ತ್ರಿ, ಬೆರಳು ಬೇಕಾದ್ರೂ ಎಣಿಸಬಹುದು."

ಮೇಸ್ತ್ರಿ ಬಗ್ಗಿ ನೋಡಿ ತಾಯಿಯನ್ನು ಕರೆದ. "ನೋಡಮ್ಮ, ಇನ್ನೊಂದು ಸಲ ಈ ಮಗುವಿಂದ ಯಾರ ಇಟ್ಟಿಗೆ ಕೆಟ್ರೂ ಮಗು ಕಣಕ್ಕೆ ಬರೋ ಹಾಗಿಲ್ಲ. ಇಷ್ಟೇ ನನ್ನ ಮಾತು."

ಆ ಸಂಜೆ ಅಮ್ಮ ಕೈಕಾಲು ತೊಳೆಯುತ್ತ, ಮಗಳ ಮುಖ ನೋಡದೆ ಹೇಳಿದಳು: "ಇನ್ನೊಂದು ಸಲ ಆದ್ರೆ ಮಳೆಗಾಲದವರೆಗೂ ಅವನನ್ನ ಅತ್ತೆ ಮನೇಲಿ ಬಿಟ್ಟು ಬರ್ತೀನಿ. ನಿನ್ನನ್ನ ಅವನ ಜೊತೆ ಮನೇಲಿ ಕೂರಿಸಿದ್ರೆ ನನ್ನ ಜೊತೆ ಕೈ ಯಾರು ಜೋಡಿಸ್ತಾರೆ?"

ಅತ್ತೆ ಅಂದರೆ ಅಪ್ಪನ ಅಕ್ಕ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಕೆಟ್ಟವಳೇನಲ್ಲ, ಆದರೆ ಅವಳಿಗೆ ಕಿವಿ ಮಂದ. ಪಕ್ಕದಲ್ಲಿ ನಿಂತು ಕೂಗಿದರೂ "ಆಂ?" ಎನ್ನುವವಳು. ಕಪ್ಪೆಯ ಮಾತೋ, ಅಮ್ಮನಿಗೇ ಅರ್ಧ ತಿಳಿಯುತ್ತಿರಲಿಲ್ಲ, ಪೂರ್ತಿ ತಿಳಿಯುತ್ತಿದ್ದುದು ಅಕ್ಕನಿಗೊಬ್ಬಳಿಗೇ. ಅಲ್ಲಿ ಅವನು ಅತ್ತರೆ ಯಾರಿಗೂ ಕೇಳಿಸದು, ಕೇಳಿದರೆ ಯಾರಿಗೂ ತಿಳಿಯದು. ಹುಡುಗಿಗೆ ದಾರದಜ್ಜನ ದಾರ ಕತ್ತರಿಸಿ ಅವನ ಬಾಯಿಗೇ ತುರುಕಬೇಕು ಅನ್ನಿಸಿತು.

ಮಾರನೆಯ ದಿನ ಅವಳು ಹಳೆಯ ಸೀರೆಯ ಅಂಚಿನಿಂದ ತಮ್ಮನ ಸೊಂಟವನ್ನು ಕಂಬಕ್ಕೆ ಕಟ್ಟಿದಳು. ಅವನು ಅತ್ತೂ ಅತ್ತೂ ತಿಂದದ್ದನ್ನೆಲ್ಲ ಕಾರಿದ. ಅದರ ಮಾರನೆಯ ದಿನ ನೆಲದ ಮೇಲೆ ಗೆರೆ ಎಳೆದು "ದಾಟಬಾರದು" ಎಂದಳು. ಅವನಿಗೆ ದಾಟುವುದೇ ಆಟವಾಯಿತು. ಕಣ್ಣು ಕೆಂಪಗೆ ಮಾಡಿದರೆ ಅವನೂ ಕಣ್ಣು ಅರಳಿಸಿ ನಗುತ್ತಿದ್ದ.

ಮೂರನೆಯ ದಿನ ಅವನು ಅಮ್ಮನ ಇಟ್ಟಿಗೆಯೊಂದಕ್ಕೆ ಮೂಗು ತಾಗುವಷ್ಟು ಬಗ್ಗಿ, ಬೊಗಸೆಯಷ್ಟಿದ್ದ ಒಂದು ಒಣ ಎಲೆಯನ್ನು ಅದರ ಮೇಲೆ ಹೊದಿಸುತ್ತಿದ್ದ. ಎಳೆದುಹಾಕಲೆಂದು ಹೋದ ಹುಡುಗಿಯ ಕೈ ಅರ್ಧದಲ್ಲಿ ನಿಂತಿತು.

"ಪಾಪು" ಎಂದ ಅವನು.

ಅವಳು ಪಕ್ಕದಲ್ಲಿ ಕುಕ್ಕರಿಸಿದಳು. ಎರಡೂ ಹುಬ್ಬು ಮೇಲಕ್ಕೆತ್ತಿದಳು. ಈಗ ಹೇಳುವುದು ನಿಜವಲ್ಲ, ನಿಜ ಅಂದುಕೊಳ್ಳೋಣ ಎಂಬುದಕ್ಕೆ ಅವರಿಬ್ಬರಲ್ಲಿ ಅದೇ ಗುರುತು. ಕಪ್ಪೆ ಮೊದಲು ಅವಳ ಹುಬ್ಬು ನೋಡಿದ, ಆಮೇಲೆ ಇಟ್ಟಿಗೆ ನೋಡಿದ.

"ಶ್..." ಎಂದಳು ಅವಳು, ಗಾಳಿಯಷ್ಟೇ ದನಿಯಲ್ಲಿ. "ಪಾಪು ತಾಚಿ ಮಾಡ್ತಿದೆ. ಎಷ್ಟೊಂದು ಪಾಪು ನೋಡು! ಎಲ್ಲಾ ತಾಚಿ. ಎಬ್ಬಿಸಿದ್ರೆ ಅಳ್ತವೆ."

ಅವನು ಸಾಲಿನ ಉದ್ದಕ್ಕೂ ನೋಡಿದ. ಬಾಯಿ ತಾನಾಗಿ ತೆರೆಯಿತು. ತುಟಿಯ ಮೇಲೆ ಬೆರಳಿಟ್ಟುಕೊಂಡ. ಅವಳು ಎದ್ದು ತುದಿಗಾಲಿನಲ್ಲಿ ಎರಡು ಹೆಜ್ಜೆ ಇಟ್ಟಳು. ಅವನೂ ಇಟ್ಟ. ಮೂರನೆಯ ಹೆಜ್ಜೆಯನ್ನು ಅವಳು ಬೇಕೆಂದೇ ಜೋರಾಗಿ ಇಟ್ಟಳು. ಅವನು ಥಟ್ಟನೆ ತಿರುಗಿ, ಅಮ್ಮನ ಗತ್ತಿನಲ್ಲೇ, "ಅಕ್ಕಾ! ಶ್!" ಎಂದು ಗದರಿದ.

ಅಲ್ಲಿಂದ ಅವನನ್ನು ಕಾಯುವ ಕೆಲಸ ಇರಲಿಲ್ಲ. ಅವನೇ ಕಾವಲುಗಾರನಾದ. ಬೆಳಿಗ್ಗೆಯಿಂದ ಸಾಲಿನ ಅಂಚಿನಲ್ಲಿ ಬೆರಳು ತುಟಿಗಿಟ್ಟು ಓಡಾಡುವನು. ಆಟ ಸಡಿಲವಾಗದ ಹಾಗೆ ಹುಡುಗಿ ಮಾತ್ರ ಆಗಾಗ ಏನಾದರೂ ಸೇರಿಸುತ್ತಿರಬೇಕಿತ್ತು. ಮನಸ್ಸಿಲ್ಲದೆ ಆಡಿದರೆ ಅವನಿಗೆ ಕೂಡಲೇ ತಿಳಿಯುತ್ತಿತ್ತು. ಗಲ್ಲ ಹಿಡಿದು ಅವಳ ಮುಖವನ್ನು ತನ್ನ ಕಡೆ ತಿರುಗಿಸಿ, ಹುಬ್ಬು ಮೇಲೆದ್ದಿದೆಯೋ ಎಂದು ನೋಡುತ್ತಿದ್ದ.

"ಅಕ್ಕಾ, ಇದು ಅಳ್ತಿದೆ."

"ಯಾಕಂತೆ?"

"ಬಿಚಿ."

"ಬಿಸಿಯಾ? ಹಾಗಾದ್ರೆ ಊದು."

ಅವನು ಕೆನ್ನೆ ಉಬ್ಬಿಸಿ ಊದುವನು. ಇಟ್ಟಿಗೆಗಳನ್ನು ಮಗ್ಗುಲಿಗೆ ತಿರುಗಿಸುವ ದಿನ, ಪಾಪುಗಳು ನಿದ್ದೆಯಲ್ಲಿ ಹೊರಳಿದವು ಎಂದಳು. ಅವನು ತಾನೂ ನೆಲದ ಮೇಲೆ ಮಲಗಿ ಒಂದು ಸಲ ಹೊರಳಿ ನೋಡಿ ಒಪ್ಪಿಕೊಂಡ. ಕಣದವರಿಗೆಲ್ಲ ಇದೊಂದು ಮೋಜು. ಪಕ್ಕದ ಸಾಲಿನ ಗೂನುಬೆನ್ನಿನ ಹೆಂಗಸು ಹಾದುಹೋಗುವಾಗ, "ಅಯ್ಯಪ್ಪಾ, ಎದ್ದುಬಿಟ್ಟಾವು" ಎಂದು ತುದಿಗಾಲಿನಲ್ಲಿ ನಡೆಯುವಳು.

ದಾರದಜ್ಜನಿಗೆ ಮೋಜಾಗಲಿಲ್ಲ. ಅವನ ಸಾಲಿಗೆ ಈಗ ಒಂದು ಹೆಜ್ಜೆಯೂ ಬೀಳುತ್ತಿರಲಿಲ್ಲ. ಅದೇ ಅವನಿಗೆ ಸಿಟ್ಟು. ಇನ್ನೊಂದು ಸಲ ಕೆಡಲಿ ಎಂದು ಅವನು ಕಾದಿದ್ದ. ಕೆಟ್ಟಿದ್ದರೆ ಮಗು ಹೋಗುತ್ತಿತ್ತು, ಮಗು ಹೋದರೆ ತೊಟ್ಟಿಯ ಪಕ್ಕದ ಜಾಗ ಕೇಳಲು ಬಾಯಿ ಬರುತ್ತಿತ್ತು. ಅವನು ಬೇಕೆಂದೇ ಧಪಧಪ ಹೆಜ್ಜೆ ಹಾಕುತ್ತ ಕಾಲುದಾರಿಯಲ್ಲಿ ಬಂದ.

"ಶ್!" ಎಂದ ಕಪ್ಪೆ, ಸೊಂಟದ ಮೇಲೆ ಕೈಯಿಟ್ಟು.

ಕಣದ ಆ ತುದಿಯವರೆಗೂ ನಗು ಹರಿಯಿತು. ಅಜ್ಜನ ಕಿವಿ ಕೆಂಪಾಯಿತು. ಅವನು ತನ್ನದೇ ಸಾಲಿನ ಮುಂದೆ ಕೂತು, "ಏ ಕಪ್ಪೆ, ಬಾ ಇಲ್ಲಿ, ನೋಡು" ಎಂದು ಕರೆದು, ಹಸಿ ಇಟ್ಟಿಗೆಯ ನಡುವಿಗೆ ಹೆಬ್ಬೆರಳನ್ನು ಗಿಣ್ಣಿನವರೆಗೂ ತೂರಿಸಿದ. "ಪಾಪು ಅಂತೆ ಪಾಪು! ಮಣ್ಣು ಕಣೋ. ಇದೂ ಮಣ್ಣು." ಇನ್ನೊಂದಕ್ಕೂ ತೂರಿಸಿದ. "ಅತ್ತಿತಾ? ಎಲ್ಲಿ, ಅಳು ಅನ್ನು."

ಅತ್ತದ್ದು ಕಪ್ಪೆ. ಉಸಿರು ಸಿಕ್ಕಿಕೊಂಡು ಮುಖ ನೀಲಿಯಾಗುವಂತೆ ಅತ್ತ. ಹುಡುಗಿ ಮರಳಿನ ಬುಟ್ಟಿ ಬಿಸಾಡಿ ಓಡಿ ಬಂದು ಅವನನ್ನು ಎತ್ತಿಕೊಂಡಳು.

"ನಿನ್ನ ಇಟ್ಟಿಗೆ ನೀನೇ ಕೆಡಿಸ್ಕೋತೀಯಲ್ಲ, ಬುದ್ಧಿ ಇದೆಯಾ ನಿಂಗೆ?" ಎಂದಳು.

"ಬಾಯಿ ನೋಡು ಬಾಯಿ! ಅಮ್ಮನ್ನ ಮೀರಿಸಿದೆ" ಎಂದ ಅಜ್ಜ. ಎರಡು ತೂತುಗಳನ್ನು ಹಾಗೆಯೇ ಬಿಟ್ಟು ಎದ್ದು ಹೋದ.

ಅಳು ನಿಲ್ಲಿಸಲು ಹುಡುಗಿ ಹುಬ್ಬೆತ್ತಿದಳು. ಪಾಪುಗಳಿಗೆ ಜ್ವರ ಬಂದಿದೆ, ನಾವು ಡಾಕ್ಟರು ಎಂದಳು. ಮೊದಲು ಸೂಜಿ ಎಂದು ಕಡ್ಡಿ ತೋರಿಸಿದಳು, ಅದಕ್ಕೆ ಅವನು ಮತ್ತೆ ತುಟಿ ಮುಂದೆ ಮಾಡಿದ. ಆಗ ಅವಳು ಒಂದು ಖಾಲಿ ಡಬ್ಬಿ ತಂದು, ದೂರದಿಂದಲೇ ಬಗ್ಗಿಸಿ, "ಗುಟುಕ್ ಗುಟುಕ್, ನೀರು ಕುಡೀತು, ಜ್ವರ ಇಳೀತು" ಎಂದಳು. ಡಬ್ಬಿಯಲ್ಲಿ ಏನೂ ಇರಲಿಲ್ಲ. ಬಿಕ್ಕುತ್ತಲೇ ಅವನು ಡಬ್ಬಿ ಈಸಿಕೊಂಡು ತಾನೂ ಬಗ್ಗಿಸಿದ. "ಗುತುಕ್" ಎಂದ. ಸಮಾಧಾನವಾಯಿತು.

ಎಲ್ಲ ಆಟಗಳನ್ನೂ ಅಳೆದು ಸುರಿದು ಮಾಡಿದವಳು ಇದೊಂದರಲ್ಲಿ ತಪ್ಪಿದಳು. ಅವಳ ಪಾಲಿಗೆ ಖಾಲಿ ಡಬ್ಬಿ ಆಟ, ತುಂಬಿದ ಡಬ್ಬಿ ನಿಜ. ಅವನ ಪಾಲಿಗೆ ಎರಡೂ ಡಬ್ಬಿಯೇ. ಮಾರನೆಯ ಮಧ್ಯಾಹ್ನ ಅಮ್ಮನ ಜೊತೆ ಮರಳು ಜರಡಿ ಹಿಡಿಯುತ್ತಿದ್ದ ಅವಳು ಒಂದು ಸಲ ತಲೆಯೆತ್ತಿ, ತಮ್ಮ ತುದಿಗಾಲಿನಲ್ಲಿ ಡಬ್ಬಿ ಹಿಡಿದು ಹೋಗುತ್ತಿರುವುದನ್ನು ಕಂಡಳು. ತನ್ನಷ್ಟಕ್ಕೆ ಆಡಿಕೊಂಡಿದ್ದಾನೆ ಎಂದು ಒಳಗೊಳಗೇ ಹಿಗ್ಗಿದಳು ಕೂಡ. ಅವನು ತೊಟ್ಟಿಗೂ ಅಜ್ಜನ ಸಾಲಿಗೂ ಎಷ್ಟು ಸಲ ಓಡಾಡಿದನೋ. ಮೊದಲು ಜ್ವರದ ಎರಡಕ್ಕೆ ಕುಡಿಸಿದ, ಆಮೇಲೆ ಅವುಗಳ ಪಕ್ಕದವಕ್ಕೆ. ಒಂದು ಇಟ್ಟಿಗೆಯನ್ನೂ ಮುಟ್ಟಲಿಲ್ಲ, ತುಳಿಯಲಿಲ್ಲ, ಎಬ್ಬಿಸಲಿಲ್ಲ.

ಅಜ್ಜ ಊಟ ಮುಗಿಸಿ ಬಂದಾಗ ಇಪ್ಪತ್ತಮೂರು ಇಟ್ಟಿಗೆಗಳು ಕರಗಿ ಒಂದಕ್ಕೊಂದು ಒರಗಿ ಕೂತಿದ್ದವು.

ಈ ಸಲ ಅವನು ಕೂಗಿದ. ಮೇಸ್ತ್ರಿ ಬಂದ, ಕಣವೆಲ್ಲ ಬಂತು. ಅಜ್ಜ ನೆಲ ಹುಡುಕಿದ. ಮಗುವಿನ ಹೆಜ್ಜೆ ಒಂದೂ ಸಿಗಲಿಲ್ಲ. ಹುಡುಗಿ ತಮ್ಮನ ಒದ್ದೆ ಅಂಗಿ ನೋಡಿದಳು, ತೊಟ್ಟಿಯ ಕಟ್ಟೆಯ ಮೇಲಿದ್ದ ಡಬ್ಬಿ ನೋಡಿದಳು. ಬಸ್ಸು, ಅರ್ಧ ದಿನದ ದಾರಿ, "ಆಂ?" ಎನ್ನುವ ಅತ್ತೆ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು.

"ನಾನೇ ಹಾಕಿದ್ದು" ಎಂದಳು.

"ಏನು?" ಎಂದ ಮೇಸ್ತ್ರಿ.

"ನೀರು. ಬೇಕಂತಲೇ ಹಾಕ್ದೆ. ಈ ಅಜ್ಜನ ಇಟ್ಟಿಗೆ ಕಂಡ್ರೆ ನಂಗೆ ಮೈ ಉರಿಯುತ್ತೆ. ಅದಕ್ಕೇ ನೀರು ಹಾಕ್ದೆ."

ಯಾರೋ ಕಿಸಕ್ಕೆಂದರು. ಅಮ್ಮ ಎರಡು ಹೆಜ್ಜೆ ಮುಂದೆ ಬಂದು, ಮಣ್ಣು ಮೆತ್ತಿದ ಕೈಯಲ್ಲೇ ಮಗಳ ಕೆನ್ನೆಗೆ ಬಾರಿಸಿದಳು. ಐದು ಬೆರಳೂ ಮಣ್ಣಾಗಿ ಮೂಡಿದವು. ಹುಡುಗಿ ಒರೆಸಿಕೊಳ್ಳಲಿಲ್ಲ.

ಮೇಸ್ತ್ರಿ ಕೊಡೆ ಮಡಚಿ ತೀರ್ಪು ಹೇಳಿದ. "ಇಪ್ಪತ್ತಮೂರು ಇಟ್ಟಿಗೆ ಹುಡುಗೀನೇ ಹೊಡೆದು ಕೊಡ್ಲಿ, ಅವನ ಜಾಗದಲ್ಲೇ ಕೂತು. ಅವನು ಸರಿ ಅಂದಿದ್ದು ಮಾತ್ರ ಲೆಕ್ಕಕ್ಕೆ."

ಮಾರನೆಯ ಬೆಳಿಗ್ಗೆ ಅವಳು ಅಜ್ಜನ ಎದುರು ಕೂತಳು. ಅವಳು ಎಡಗೈಯವಳು. ಪಟ್ಟಿಯನ್ನು ಎಡಗೈಯಲ್ಲಿ ಹಿಡಿದು ಗೀರಿದ್ದನ್ನು ಕಂಡು ಅಜ್ಜ ಮೂಗು ಮುರಿದ. "ಓಹೋ, ಎಡಚಿ ಬೇರೆ. ಕೈಯೂ ಸೊಟ್ಟ, ಬುದ್ಧೀನೂ ಸೊಟ್ಟ." ಹೊಡೆದದ್ದರಲ್ಲಿ ಅರ್ಧವನ್ನು "ಸೊಟ್ಟ" ಎಂದು ಕಾಲಿನಿಂದ ಮೆಟ್ಟಿ ಮಣ್ಣಿನ ಗುಡ್ಡೆಗೆ ಎಸೆದ. ಮಾತಾಡುವ ಹಾಗಿಲ್ಲ ಎಂದ. ಕಪ್ಪೆ ಕಾಲುದಾರಿಯ ಆಚೆ ಕೂತು ಅಕ್ಕನನ್ನು ನೋಡುತ್ತಿದ್ದ. ಅವಳು ಹುಬ್ಬಿನಲ್ಲೇ ಅವನನ್ನು ಆಡಿಸಿದಳು. ಎರಡು ಹುಬ್ಬೆತ್ತಿ ಕಣ್ಣು ಮುಚ್ಚಿದರೆ ಪಾಪು ತಾಚಿ, ತುಟಿ ಚೂಪು ಮಾಡಿದರೆ ಊದು.

ಎರಡನೆಯ ದಿನ ಸಂಜೆಗೆ ಇಪ್ಪತ್ತೆರಡು ಲೆಕ್ಕಕ್ಕೆ ಬಂದವು. ಆಗಲೇ ಕಪ್ಪೆ, ಅಕ್ಕ ಇರುವ ಕಡೆಯೇ ಆಟ ಎಂದುಕೊಂಡನೋ ಏನೋ, ತೊಟ್ಟಿಯಿಂದ ಡಬ್ಬಿ ತುಂಬಿ, ತುದಿಗಾಲಿನಲ್ಲಿ ಬಂದು, "ಪಾಪು ನೀಲು" ಎಂದು ಅವಳ ಹೊಸ ಇಟ್ಟಿಗೆಯ ಮೇಲೆ ಬಗ್ಗಿಸಹೊರಟ. ಅವಳು ಹಾರಿ ಕೈ ಹಿಡಿದಳು. ತಡವಾಗಿತ್ತು. ಅಜ್ಜ ಡಬ್ಬಿಯನ್ನು ನೋಡಿದ, ಮಗುವನ್ನು ನೋಡಿದ, ಅವಳನ್ನು ನೋಡಿದ. ಅವನ ಮುಖದ ಗಂಟು ನಿಧಾನವಾಗಿ ಸಡಿಲಿತು. ಅವನು ನಕ್ಕದ್ದನ್ನು ಅವಳು ಕಂಡದ್ದು ಅದೇ ಮೊದಲು.

"ಹಾಗೋ ವಿಷಯ" ಎಂದ. "ನೀನಲ್ಲ. ಇವನು. ಮೇಸ್ತ್ರಿಗೆ ಹೇಳ್ಲಾ?"

ಅವಳು ಡಬ್ಬಿಯನ್ನು ಕಿತ್ತು ಬೆನ್ನ ಹಿಂದೆ ಮರೆಮಾಡಿದಳು.

"ಇನ್ನೊಂದು ಬಾಕಿ ಇದೆ. ನಾಳೆ ಬಾ. ಬರುವಾಗ ನಾಲ್ಕು ಕೊಡ ನೀರು ತಾ."

ಮಾರನೆಯ ದಿನ ಅವಳು ಹೊಡೆದ ಇಟ್ಟಿಗೆಗೆ ಒಂದು ಕೊಂಕೂ ಇರಲಿಲ್ಲ. ಅಜ್ಜ ಒಂದು ಕಣ್ಣು ಮುಚ್ಚಿ ನೋಡಿ, "ಸೊಟ್ಟ. ಬಿಡು ಅಲ್ಲೇ, ನಾನು ಮೆಟ್ಟಿ ಹಾಕ್ತೀನಿ. ನೀರಿಗೆ ಹೋಗು. ಇನ್ನೊಂದು ಬಾಕಿ" ಎಂದ. ಅದರ ಮಾರನೆಯ ದಿನವೂ ಅದೇ. ಅವಳು ಸೆಟೆದರೆ, ಬೆರಳು ಅಲ್ಲಾಡಿಸಿ, "ಹೇಳ್ಲಾ? ಹೇಳ್ಲಾ?" ಎನ್ನುವನು. ತೊಟ್ಟಿಯಿಂದ ಕಣದ ಕೊನೆಯ ಮಣ್ಣುಗುಂಡಿಗೆ ಹೊರುವ ನೀರು ದಿನಕ್ಕೆ ನಾಲ್ಕು ಕೊಡ ಇದ್ದದ್ದು ಆರಾಯಿತು, ಎಂಟಾಯಿತು. ಅವಳ ಭುಜದ ಮೇಲೆ ಕೊಡದ ಕಂಠದ ಗುರುತು ಕೂತಿತು. ಅಮ್ಮ ಕಂಡರೂ, ಮಾಡಿದ್ದುಣ್ಣಲಿ ಎಂದು ಮುಖ ತಿರುಗಿಸಿಕೊಂಡಿದ್ದಳು. ಆ ದಿನದಿಂದ ಮಗಳ ಜೊತೆ ಅವಳದು ಅಳೆದ ಮಾತು.

ಹೀಗೆ ಒಂಬತ್ತು ದಿನ.

ಒಂಬತ್ತನೆಯ ಸಂಜೆ, ಇನ್ನೂ ಬೆಳಕಿರುವಾಗ, ಅಮ್ಮ ಮನೆಯ ಹಿಂದಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಕಪ್ಪೆಗೆ ಸ್ನಾನ ಮಾಡಿಸಬೇಕಿತ್ತು, ಅವನು ಒಲ್ಲೆನೆಂದು ಹಟ ಹಿಡಿದಿದ್ದ. ಆಡಿದರೆ ಮಾತ್ರ ಬರುತ್ತೇನೆ ಎಂಬುದು ಅವನ ಕರಾರು. ಮತ್ತು ಈಗ ಆಟವನ್ನು ಅವನೇ ಆರಿಸುತ್ತಿದ್ದ.

"ನಾನು ಅಜ್ಜ" ಎಂದ. "ಅಕ್ಕ ಇಟ್ಟಿಗೆ."

ಹುಡುಗಿಗೆ ನಿಲ್ಲಲೂ ಶಕ್ತಿ ಇರಲಿಲ್ಲ. ಆದರೂ ಬಚ್ಚಲ ಬಳಿಯ ಕೆಸರನ್ನು ಉಂಡೆ ಕಟ್ಟಿ ಕಲ್ಲಿನ ಮೇಲೆ ತಟ್ಟಿದಳು. ದಣಿವಿನಲ್ಲೂ ಹುಬ್ಬೆತ್ತಿ, ಕೈಮುಗಿದು, "ಸ್ವಾಮೀ, ಇದಾದ್ರೂ ಸರಿ ಇದೆಯಾ?" ಎಂದಳು.

ಕಪ್ಪೆ ಒಂದು ಕಣ್ಣು ಮುಚ್ಚಲು ಹೋಗಿ ಎರಡೂ ಮುಚ್ಚಿದ. ಬಗ್ಗಿ ನೋಡಿದ. "ಚೊಟ್ಟ! ಇನ್ನೊಂದು. ನೀಲು ತಾ."

ಅವಳು ಚೊಂಬು ಹೊತ್ತು ಒಂದು ಸುತ್ತು ಹೋಗಿಬಂದು ಅವನ ಕಾಲಿಗೆ ನೀರು ಹೊಯ್ದಳು. ಅವನು ಒಂದು ಹೆಜ್ಜೆ ಬಚ್ಚಲಿಗೆ ಹತ್ತಿರ ಬಂದ. ಮತ್ತೊಂದು ಉಂಡೆ. "ಚೊಟ್ಟ! ಇನ್ನೊಂದು." ಆಮೇಲೆ ಅವನು ತೋರುಬೆರಳನ್ನು ಅವಳ ಮುಖದೆದುರು ಅಲ್ಲಾಡಿಸಿದ. "ಹೇಳ್ಲಾ? ಹೇಳ್ಲಾ?"

ಹುಡುಗಿಯ ಹುಬ್ಬು ಇಳಿಯಿತು. ಬಟ್ಟೆಯ ಸದ್ದೂ ನಿಂತಿತ್ತು.

"ಏನದು ಹೇಳ್ಲಾ?" ಎಂದಳು ಅಮ್ಮ.

"ಏನಿಲ್ಲ. ಆಟ."

"ಏನ್ ಹೇಳ್ತಾನಂತೆ ಅವನು? ಯಾರಿಗೆ ಹೇಳ್ತಾನಂತೆ?"

ಹುಡುಗಿ ತಮ್ಮನನ್ನು ಎಳೆದುಕೊಂಡು ತಲೆಯ ಮೇಲೆ ನೀರು ಸುರಿದಳು. ಅವನು ಕಿರುಚಿದ. ಅಮ್ಮ ಎದ್ದು ಬಂದು ಚೊಂಬು ಕಿತ್ತುಕೊಂಡು ಎದುರಿಗೆ ಕೂತಳು. ಆಗ ಎಲ್ಲವೂ ಹೊರಗೆ ಬಂತು, ಖಾಲಿ ಡಬ್ಬಿಯಿಂದ ಎಂಟು ಕೊಡದವರೆಗೆ. ಅಮ್ಮ ಕೊನೆಗೆ ಕೇಳಿದ್ದು ಒಂದೇ: "ಸೊಟ್ಟ ಅಂದಿದ್ದನ್ನ ಅವನು ಮೆಟ್ಟಿದ್ದು ನೀನು ಕಂಡೆಯಾ?"

ಹುಡುಗಿ ಯೋಚಿಸಿದಳು. "ಮೊದಲೆರಡು ದಿನ ಕಂಡೆ. ಆಮೇಲೆ ನೀರಿಗೆ ಕಳಿಸ್ತಿದ್ದ."

ಬೆಳಿಗ್ಗೆ ಅಮ್ಮ ಅಚ್ಚು ಮುಟ್ಟಲಿಲ್ಲ. ನೇರ ಕಾಲುದಾರಿ ದಾಟಿ, ಮೂರು ವರ್ಷದಲ್ಲಿ ಮೊದಲ ಸಲ, ಅಜ್ಜನ ಜಾಗಕ್ಕೆ ಕಾಲಿಟ್ಟಳು. ಮಗ್ಗುಲಾಗಿ ನಿಲ್ಲಿಸಿದ್ದ ಸಾಲುಗಳ ಮುಂದೆ ಕುಕ್ಕರಿಸಿದಳು. ಇಟ್ಟಿಗೆ ಮಗ್ಗುಲಾದಾಗ ಪಟ್ಟಿ ಗೀರಿದ ಮುಖ ಹೊರಗೆ ಕಾಣುತ್ತದೆ. ಬಲಗೈಯವರ ಗೀರುಗಳು ಒಂದು ಕಡೆಗೆ ಓರೆಯಾದರೆ, ಎಡಗೈಯವರದು ಅದಕ್ಕೆ ಎದುರು ಕಡೆಗೆ. ಇಟ್ಟಿಗೆಯನ್ನು ಹೇಗೆ ತಿರುಗಿಸಿಟ್ಟರೂ ಆ ಓರೆ ಬದಲಾಗುವುದಿಲ್ಲ. ಅಚ್ಚು ಹೊಡೆದು ಕೈ ಸವೆಸಿದವರಿಗೆ ಅದು ಮುಖದಷ್ಟೇ ಗುರುತು.

"ಏಯ್, ಏನು ಹುಡುಕ್ತಿದ್ದಾಳೆ ಇವಳು?" ಎಂದ ಅಜ್ಜ ಗಾಳಿಗೆ.

"ನಿಂಗೇ ಹೇಳ್ತಿದ್ದೀನಿ, ಈ ಕಡೆ ತಿರುಗು" ಎಂದಳು ಅಮ್ಮ. "ಮೇಸ್ತ್ರೀ! ಸ್ವಲ್ಪ ಬರ್ತೀರಾ? ಎಣಿಸೋದಿದೆ."

ಮೇಸ್ತ್ರಿ ಬಂದ. ಹಿಂದೆ ಗೂನುಬೆನ್ನಿನ ಹೆಂಗಸೂ ಉಳಿದವರೂ ಬಂದರು. ಅಮ್ಮ ಒಂದೊಂದಾಗಿ ಎಡಗೈ ಇಟ್ಟಿಗೆಗಳನ್ನು ಬೆರಳಿನಿಂದ ತಟ್ಟುತ್ತ ಹೋದಳು. ಇಪ್ಪತ್ತಮೂರಕ್ಕೆ ನಿಲ್ಲಲಿಲ್ಲ. ಇನ್ನೂ ಮಲಗಿದ್ದ ಕೊನೆಯ ಎರಡರ ಅಂಚನ್ನು ಮೆಲ್ಲಗೆ ಎತ್ತಿ ನೋಡಿ, ಮೂವತ್ತೊಂದಕ್ಕೆ ನಿಂತಳು. ಅಜ್ಜನ ದಾರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಇದ್ದವು ಎಲ್ಲವೂ.

"ಸೊಟ್ಟ ಅಂತೆ" ಎಂದಳು. "ಸೊಟ್ಟ ಆಗಿದ್ರೆ ಸಾಲಲ್ಲಿ ಯಾಕಪ್ಪ ನಿಲ್ಲಿಸ್ಕೊಂಡೆ? ಅಂದಕ್ಕಾ?"

"ಎಡಗೈ ಇನ್ಯಾರಿಗೂ ಇಲ್ವಾ?" ಎಂದ ಅಜ್ಜ.

"ಕಣದಲ್ಲಿ ನಂಗೆ ಗೊತ್ತಿರೋ ಹಾಗೆ ಇಲ್ಲ" ಎಂದ ಮೇಸ್ತ್ರಿ.

ಅಜ್ಜ ಸುತ್ತ ನೋಡಿದ. ನಗುವವರ ಮುಖಗಳನ್ನು ನೋಡಿದ. ಕೊನೆಯ ಅಸ್ತ್ರವನ್ನೇ ಎತ್ತಿದ: "ಅದು ಬಿಡಿ, ಅವತ್ತು ನೀರು ಹಾಕಿದ್ದು ಯಾರು ಗೊತ್ತಾ? ಹುಡುಗಿ ಅಲ್ಲ ಮೇಸ್ತ್ರಿ..."

"ಚಿಕ್ಕವನು" ಎಂದಳು ಅಮ್ಮ, ಅವನಿಗಿಂತ ಜೋರಾಗಿ. "ನನ್ನ ಚಿಕ್ಕ ಮಗ ಹಾಕಿದ್ದು. ಅಕ್ಕನ ಆಟ ನೋಡಿ ಹಾಕ್ದ. ಈ ಯಜಮಾನ ಬೆರಳು ತೂರಿಸಿದ ಇಟ್ಟಿಗೆಗೆ ಜ್ವರ ಬಂತು ಅಂತ ನೀರು ಕುಡಿಸ್ದ. ಹೇಳೋದು ಇಷ್ಟೇ ತಾನೇ? ನಾನೇ ಹೇಳಿದ್ದೀನಿ. ಇನ್ನು ನನ್ನ ಮಗಳ ಹತ್ರ ನೀರು ಹೊರಿಸೋಕೆ ನಿನ್ನ ಹತ್ರ ಏನಿದೆ?"

ಹುಡುಗಿ ತಮ್ಮನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವನು "ಆಊ" ಎಂದ. ಮೇಸ್ತ್ರಿ ಕೊಡೆಯ ತುದಿಯಿಂದ ನೆಲ ಕೆದಕುತ್ತ ನಿಂತ.

"ನಾನು ಒಂದು ಮಾತು ಹೇಳಿದ್ದೆನಲ್ಲಮ್ಮ" ಎಂದ ಕೊನೆಗೆ.

"ಹೇಳಿದ್ರಿ. ಮಗು ಕಣಕ್ಕೆ ಬರಬಾರದು ಅಂತ ಯಾರಿಗೆ ಬೇಕಾಗಿದೆ? ಇವನಿಗೆ. ಯಾಕೆ? ತೊಟ್ಟಿ ಪಕ್ಕದ ಜಾಗಕ್ಕೆ. ಜಾಗ ಕೊಡಿ ಅವನಿಗೆ. ನಾನು ಆ ಕೊನೇ ಮೂಲೆಗೆ ಹೋಗ್ತೀನಿ, ಮಣ್ಣುಗುಂಡಿ ಹತ್ರ. ಅಲ್ಲಿ ನನ್ನ ಪಕ್ಕ ಯಾರ ಸಾಲೂ ಇಲ್ಲ. ಕೆಟ್ರೆ ನನ್ನದೇ ಕೆಡುತ್ತೆ. ಮಗು ಕಣದಲ್ಲೇ ಇರುತ್ತೆ."

ಕೊನೆಯ ಮೂಲೆಯಿಂದ ತೊಟ್ಟಿಗೆ ಇನ್ನೂರು ಹೆಜ್ಜೆ. ಅಲ್ಲಿ ಕೂ‌ರಲು ಒಪ್ಪಿದವರೇ ಇರಲಿಲ್ಲ. ಮೇಸ್ತ್ರಿ ಅವಳ ಮುಖ ನೋಡಿ, "ನಿನ್ನಿಷ್ಟ" ಎಂದ. ಅಜ್ಜನ ಕಡೆ ತಿರುಗಿ, "ನಿಂಗೆ ಜಾಗ ಸಿಕ್ತಲ್ಲ, ಬಾಯಿ ಮುಚ್ಕೊಂಡಿರು. ಎಂಟು ಇಟ್ಟಿಗೆ ಹೆಚ್ಚಿಗೆ ತಗೊಂಡಿದ್ದೀಯ, ಹುಡುಗಿಗೆ ವಾಪಸ್ ಕೊಡು" ಎಂದು ಕೊಡೆ ಬಿಚ್ಚಿ ಹೊರಟ.

ಅಮ್ಮ ಅಚ್ಚು, ಪಟ್ಟಿ, ಜರಡಿ ಎಲ್ಲವನ್ನೂ ಬುಟ್ಟಿಗೆ ತುಂಬಿದಳು. ಮಗಳ ಕೆನ್ನೆಯ ವಿಷಯ ಅವಳು ಎತ್ತಲಿಲ್ಲ, ಆಗಲೂ ಇಲ್ಲ, ಮುಂದೆಯೂ ಇಲ್ಲ. "ನಡಿ, ಬಿಸಿಲೇರ್ತಿದೆ" ಎಂದು ಬುಟ್ಟಿಯನ್ನು ತಾನೇ ಹೊತ್ತುಕೊಂಡು ಮುಂದೆ ನಡೆದಳು.

ಅಜ್ಜ ಏಳು ಇಟ್ಟಿಗೆ ಕೊಟ್ಟ. ಎಂಟನೆಯದು ಬಿರುಕು ಬಿಟ್ಟಿದೆ, ನಾಳೆ ಬೇರೆ ಕೊಡುತ್ತೇನೆ ಎಂದ.

ಮೂಲೆಯಲ್ಲಿ ಕಪ್ಪೆ ಎರಡು ದಿನ ಸುಮ್ಮನೆ ಕೂತ. ಇಟ್ಟಿಗೆಗಳನ್ನು ನೋಡಿದರೂ ಪಾಪು ಎನ್ನಲಿಲ್ಲ. ಅಕ್ಕ ಹುಬ್ಬೆತ್ತಿ "ತಾಚಿ?" ಎಂದರೆ, "ಮಣ್ಣು" ಎಂದ. ಮುದುಕ ಅದೊಂದನ್ನು ಕಲಿಸಿಯೇಬಿಟ್ಟಿದ್ದ. ಮೂರನೆಯ ದಿನ ಅವನು ಹಳೆಯ ಜರಡಿಯ ಚೌಕಟ್ಟನ್ನು ಹಿಡಿದು ಮರಳುಗುಡ್ಡೆಯ ಮೇಲೆ ಕೂತು, ಬಾಯಿಂದ ಡುರ್ ಎಂದ. ಹುಡುಗಿ ಕೂಡಲೇ ಹೋಗಿ ಹಿಂದೆ ಕೂತಳು.

"ಬಸ್ಸು ಎಲ್ಲಿಗೆ ಹೋಗುತ್ತೆ ಡ್ರೈವರಣ್ಣ?"

ಅವನಿಗೆ ಗೊತ್ತಿರಲಿಲ್ಲ. ತಿರುಗಿ ಅವಳ ಮುಖ ನೋಡಿದ.

ಅವಳು ಹುಬ್ಬೆತ್ತಿದಳು. "ತೊಟ್ಟಿ ಹತ್ರ ಬಿಡಿ. ಅಲ್ಲೊಂದು ಲಗೇಜ್ ಬಾಕಿ ಇದೆ."

ಅಂದಿನಿಂದ ದಿನವೂ ಊಟದ ಹೊತ್ತಿಗೆ, ಕಣವೆಲ್ಲ ನೆರಳಿನಲ್ಲಿ ಕೂತಿರುವಾಗ, ಆ ಬಸ್ಸು ಇನ್ನೂರು ಹೆಜ್ಜೆ ಬಂದು ದಾರದಜ್ಜನ ಎದುರು ನಿಲ್ಲುತ್ತಿತ್ತು. ಡ್ರೈವರ್ ಮುಂದೆ, ಅವನ ಅಂಗಿಯ ಹಿಂಬದಿ ಹಿಡಿದು ಕಂಡಕ್ಟರ್ ಹಿಂದೆ.

"ಪೋಂ ಪೋಂ" ಎನ್ನುವನು ಡ್ರೈವರ್.

"ಒಂದು ಇಟ್ಟಿಗೆ" ಎನ್ನುವಳು ಕಂಡಕ್ಟರ್, ಎಲ್ಲರಿಗೂ ಕೇಳುವ ಹಾಗೆ.

"ನಾಳೆ" ಎನ್ನುವನು ಅಜ್ಜ, ತಟ್ಟೆಯಿಂದ ತಲೆಯೆತ್ತದೆ. ಅಥವಾ, "ತೊಲಗಿ ಆಚೆ." ಒಂದು ದಿನ ಕಲ್ಲು ಎತ್ತಿಕೊಂಡ. ಗೂನುಬೆನ್ನಿನ ಹೆಂಗಸು, "ಕೊಟ್ಟುಬಿಡೋ ಮಾರಾಯ, ಬಸ್ಸಿಗೆ ಹೊತ್ತಾಗುತ್ತೆ" ಎಂದದ್ದಕ್ಕೆ ಕಣವೆಲ್ಲ ಬಿದ್ದು ಬಿದ್ದು ನಕ್ಕಿತು. ಕಲ್ಲು ಕೈಯಲ್ಲೇ ಉಳಿಯಿತು.

ಅವನ ಹಿಂದೆ ಸಾವಿರಾರು ಇಟ್ಟಿಗೆ ದಾರಕ್ಕೆ ಸರಿಯಾಗಿ ನಿಂತಿದ್ದವು. ಒಂದನ್ನು ಎತ್ತಿ ಕೊಟ್ಟಿದ್ದರೆ ಆ ಮಧ್ಯಾಹ್ನವೇ ಮುಗಿಯುತ್ತಿತ್ತು. ಕೊಡಲಿಲ್ಲ. ಅವರೂ ಬಿಡಲಿಲ್ಲ. ಗೂಡಿಗೆ ಪೇರಿಸಿ ಬೆಂಕಿ ಹಾಕುವ ಹಿಂದಿನ ದಿನವೂ ಬಸ್ಸು ಬಂತು, ಎರಡು ಸಲ ಹಾರ್ನ್ ಮಾಡಿತು, ಕಾದಿತು. ಅಜ್ಜ ಬಾಯಿ ಮುಕ್ಕಳಿಸಿ ಬಸ್ಸಿನ ಮುಂದೆಯೇ ಉಗುಳಿದ.

"ರೈಟ್" ಎಂದಳು ಕಂಡಕ್ಟರ್. ಡ್ರೈವರ್ ಬಾಯಲ್ಲಿ ಗೇರು ಬದಲಿಸಿ, ಹಿಂದೆ ತಿರುಗಿ ನೋಡುತ್ತ, ಬಂದ ದಾರಿಯಲ್ಲೇ ಬಸ್ಸನ್ನು ಹಿಂದಕ್ಕೆ ತೆಗೆದ.